ಸರ್ಕಾರಿ ವಕೀಲರು ಉಂಡ ಎರಡು ಮುದ್ದೆ

ಆತಗೂರಿನ ಹೊನ್ನಯ್ಯನಿಗೆ ಎರಡು ಥರದ ಜನರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಒಂದು, ಮುದ್ದೆಯನ್ನು ನುಂಗದೆ ಅಗಿಯುವವರು. ಇನ್ನೊಂದು, ಬಾಡಿನ ಸಾರನ್ನು ಎಲೆ ತುಂಬ ಸುರಿಸಿಕೊಂಡು ಉಂಡು, ಕೈ ತೊಳೆಯುವ ತೊಟ್ಟಿಯ ಹತ್ತಿರ ನಿಂತು "ಯಾಕೋ ಉಪ್ಪು ಮುಂದಾಗಿತ್ತು" ಎನ್ನುವವರು. ಸರ್ಕಾರಿ ವಕೀಲರು ಈ ಸಾಲಿಗೆ ಸೇರಿದ್ದು ಬಹಳ ತಡವಾಗಿ, ಹೊನ್ನಯ್ಯನಿಗೆ ಐವತ್ತು ದಾಟಿದ ಮೇಲೆ. ಸೇರಿದವರು ಮಾತ್ರ ಮಿಕ್ಕ ಇಬ್ಬರನ್ನೂ ಹಿಂದಕ್ಕೆ ತಳ್ಳಿ ಮುಂದೆ ಬಂದು ನಿಂತರು.

ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಮದುವೆ ಎಂದರೆ ಜನ ಮುಹೂರ್ತ ಎಷ್ಟು ಹೊತ್ತಿಗೆ ಎಂದು ಕೇಳುವುದಿಲ್ಲ, ಮದುವೆಯ ಮೇಲಿನ ಬಾಡೂಟ, ಅಂದರೆ ಬೀಗರೂಟ ಯಾವತ್ತು ಎಂದು ಕೇಳುತ್ತಾರೆ. ಬಾಡು, ಬೋಟಿ ಗೊಜ್ಜು, ಕೈಮಾ ಎಷ್ಟೇ ಚೆನ್ನಾಗಿರಲಿ, ಮುದ್ದೆಯಲ್ಲಿ ಒಂದು ಗಂಟು ಸಿಕ್ಕರೆ ಮನೆಯವರ ಮಾನ ಹೋದಂತೆ. ಆದ್ದರಿಂದ ಅಡುಗೆಯವರಲ್ಲೆಲ್ಲ ಮುದ್ದೆ ಮಾಡುವವನದ್ದೇ ಒಂದು ತೂಕ. ಹೊನ್ನಯ್ಯ ಮೂವತ್ತು ವರ್ಷ ಆ ತೂಕವನ್ನು ಹೊತ್ತವನು. ಸೊಂಟದೆತ್ತರದ ಹಂಡೆಯಲ್ಲಿ ನೀರು ಕುದಿಸಿ, ಹಿಟ್ಟು ಸುರಿದು, ಬೆಂದ ಹದ ನೋಡಿ, ಇಬ್ಬರು ಆಳುಗಳು ಹಂಡೆ ಅಲುಗದಂತೆ ಒತ್ತಿ ಹಿಡಿದರೆ ಇವನು ದಪ್ಪ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ತೊಳಸಲು ನಿಲ್ಲುತ್ತಿದ್ದ. ನಡುವೆ ಒಂದು ಗಳಿಗೆ ತೋಳು ಸೋತರೂ ಗಂಟು ಕಟ್ಟುತ್ತದೆ. ಇವನ ತೋಳು ಸೋತದ್ದನ್ನು ಕಂಡವರಿರಲಿಲ್ಲ. ಅಲ್ಲಿಯವರ ಬಾಯಲ್ಲಿ ಮುದ್ದೆಯೆಂದರೆ ಹಿಟ್ಟು; ಹಿಟ್ಟಿನ ಹೊನ್ನಯ್ಯ ಎಂದರೆ ಶಿವನಸಮುದ್ರದ ಕರೆಂಟ್ ಆಫೀಸಿನವರಿಗೂ ಗೊತ್ತಿತ್ತು.

ಈ ಕಸುಬಿನಲ್ಲಿ ಕರಾರು ಪತ್ರವೆಂಬುದಿಲ್ಲ. ಮನೆಯವರು ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ಕೊಟ್ಟರು, ಅಡುಗೆಯವನು ಈಸಿಕೊಂಡ ಎಂದರೆ ಮುಗಿಯಿತು. ಆಮೇಲೆ ಜ್ವರ ಬರಲಿ, ಜಡಿಮಳೆ ಹಿಡಿಯಲಿ, ಅವನು ಒಲೆಯ ಮುಂದೆ ನಿಲ್ಲಲೇಬೇಕು. ನಿಲ್ಲದವನಿಗೆ ಆ ಸೀಮೆಯಲ್ಲಿ ಇನ್ನೊಂದು ಒಲೆ ಸಿಕ್ಕುವುದಿಲ್ಲ. ಇನ್ನೊಂದು ಕಟ್ಟುಪಾಡೂ ಇತ್ತು. ದೊಡ್ಡ ಒಲೆಯ ಹತ್ತಿರ ಹೆಂಗಸರದ್ದು ಈರುಳ್ಳಿ ಹೆಚ್ಚುವ, ಪಾತ್ರೆ ಬೆಳಗುವ ಕೆಲಸ. ಕೋಲು ಮಾತ್ರ ಗಂಡಸರದ್ದು. ಇದೇ ಗಂಡಸರು ತಮ್ಮ ತಮ್ಮ ಮನೆಗಳಲ್ಲಿ ದಿನಾ ಯಾರು ತೊಳಸಿದ ಮುದ್ದೆ ಉಣ್ಣುತ್ತಾರೆ ಎಂದು ಕೇಳುವಷ್ಟು ಬುದ್ಧಿ ಯಾರಿಗೂ ಬಂದಿರಲಿಲ್ಲ. ಹೊನ್ನಯ್ಯನಿಗೂ ಬಂದಿರಲಿಲ್ಲ.

ಮದ್ದೂರಿನ ಹೊರಗಿನ ಒಂದು ಕಲ್ಯಾಣ ಮಂಟಪದಲ್ಲಿ ಬೀಗರೂಟ ನಡೆದ ದಿನ ಮದುವೆ ಹೆಣ್ಣಿನ ಚಿನ್ನದ ಸರ ಕಾಣದಾಯಿತು. ನೆಂಟರು ಕದ್ದಾರೆಂದು ಹೇಳುವ ಹಾಗಿಲ್ಲ, ಬೀಗರು ಕದ್ದಾರೆಂದು ಹೇಳಿದರೆ ಮದುವೆಯೇ ಮುರಿಯುತ್ತದೆ. ಉಳಿದವರು ಯಾರು? ಅಡುಗೆಯವರು. ಹೊನ್ನಯ್ಯ ಅಡುಗೆಯವರ ಹಿರಿಯ. ಸಬ್ ಇನ್ಸ್‌ಪೆಕ್ಟರ್ ಜಯಪ್ರಕಾಶ್ ಬಂದು ಅವನನ್ನು ಜೀಪಿಗೆ ಹತ್ತಿಸಿದ. ಠಾಣೆಯ ಹೆಸರು ಬೇಡ, ಆ ಕೋಣೆಯ ಮಾತಷ್ಟು ಸಾಕು.

"ನಾನು ಒಲೆ ಬುಟ್ಟು ಎದ್ದೇ ಇಲ್ಲ ಕಣ್ ಸಾ. ಬೇಕಾದ್ರೆ ನಮ್ಮುಡುಗ್ರನ್ನ ಕೇಳಿ" ಎಂದ ಹೊನ್ನಯ್ಯ.

"ಏರೋಪ್ಲೇನ್ ಹತ್ತಿದ ಮೇಲೆ ಎಲ್ಲರೂ ಎದ್ದಿದ್ದು ನೆನಪಾಗುತ್ತೆ ಅಂತಾರೆ" ಎಂದ ಜಯಪ್ರಕಾಶ್.

ಆ ಹೆಸರಿಟ್ಟವರ ರಸಿಕತೆಯನ್ನು ಮೆಚ್ಚಬೇಕು. ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿ, ಆ ಹಗ್ಗವನ್ನು ಜಂತಿಗೆ ಹಾಕಿ, ಮನುಷ್ಯನ ಕಾಲು ನೆಲ ಬಿಡುವ ತನಕ ಎಳೆಯುವುದಕ್ಕೆ ಠಾಣೆಗಳಲ್ಲಿ ಏರೋಪ್ಲೇನ್ ಎನ್ನುತ್ತಾರೆ. ಮಣಿಕಟ್ಟಿನಲ್ಲಿ ಗುರುತು ಬೀಳಬಾರದೆಂದು ಮೊದಲು ಹಳೆ ಪಂಚೆಯ ಚೂರು ಸುತ್ತುತ್ತಾರೆ. ಮೈಯ ಭಾರವೆಲ್ಲ ಹಿಂದಕ್ಕೆ ತಿರುಚಿದ ಭುಜದ ಕೀಲಿನ ಮೇಲೆ. ಹೊನ್ನಯ್ಯ ಕೂಗಿದ, ಅತ್ತ, ದೇವರನ್ನು ಕರೆದ, ಜಯಪ್ರಕಾಶನನ್ನು ಅಪ್ಪಾ ಎಂದ. ಕೊನೆಗೆ ಸರ ಕದ್ದೆನೆಂದ. ಎಲ್ಲಿಟ್ಟೆ ಎಂದರು. ಶಿಂಷಾ ಹೊಳೆಗೆ ಎಸೆದೆ ಎಂದ. ಇನ್ನೊಂದು ಸಲ ಎಳೆದಿದ್ದರೆ ಶಿಂಷಾ ಹೊಳೆಯನ್ನೇ ಕದ್ದೆ ಎನ್ನುತ್ತಿದ್ದ.

ಮಾರನೆಯ ದಿನ ಸರ ಸಿಕ್ಕಿತು. ಹೆಣ್ಣಿನ ಸೋದರತ್ತೆ ಜನಜಂಗುಳಿಯಲ್ಲಿ ಭದ್ರವಾಗಿರಲಿ ಎಂದು ಸರವನ್ನು ಮಡಿಲಕ್ಕಿಯ ಗಂಟಿನೊಳಗೆ ಹುದುಗಿಸಿ, ಆ ಗಡಿಬಿಡಿಯಲ್ಲಿ ಮರೆತಿದ್ದಳು. ಗಂಡನ ಮನೆಯಲ್ಲಿ ಆ ಅಕ್ಕಿಯನ್ನು ಮೊರಕ್ಕೆ ಸುರಿದಾಗ ಥಳಥಳ ಎಂದಿತು. ಹೊನ್ನಯ್ಯನನ್ನು ಬಿಟ್ಟರು. "ತಪ್ಪು ತಿಳ್ಕೋಬೇಡ, ಟೀ ಕುಡಿದು ಹೋಗು" ಎಂದ ಜಯಪ್ರಕಾಶ್. ಲೋಟವನ್ನು ಬಾಯಿಯ ತನಕ ಎತ್ತಲು ಹೊನ್ನಯ್ಯನಿಗೆ ಆಗಲಿಲ್ಲ. ಬೆಂಚಿನ ಮೇಲಿಟ್ಟು ಬಂದ.

ಸರ್ಕಾರಿ ವೈದ್ಯರು ಅಂಗಿಯನ್ನೂ ಬಿಚ್ಚಿಸದೆ ನೋಡಿ, ಹೊರಗಾಯಗಳಿಲ್ಲ ಎಂದು ಬರೆದುಕೊಟ್ಟರು. ಅವರು ಬರೆದದ್ದು ಸುಳ್ಳೇನಲ್ಲ. ಅಂಗಿಯ ಮೇಲೆ ನಿಜವಾಗಿಯೂ ಗಾಯವಿರಲಿಲ್ಲ.

ಆ ಹೊತ್ತಿಗೆ ಹೊನ್ನಯ್ಯ ಪಕ್ಕದ ಹಳ್ಳಿಯ ಚೌಡಯ್ಯನ ಮನೆಯಿಂದ ಎಲೆ ಅಡಿಕೆ ಈಸಿಕೊಂಡಾಗಿತ್ತು. ಬೀಗರೂಟಕ್ಕೆ ಒಂದು ವಾರವೂ ಇರಲಿಲ್ಲ. ಬಲಗೈ ಎದೆಯ ಮಟ್ಟಕ್ಕೆ ಬರುತ್ತಿರಲಿಲ್ಲ, ಎಡಗೈ ಬಂದರೂ ನಡುಗುತ್ತಿತ್ತು. ಹೆಂಡತಿ ದೇವಿರಮ್ಮ ತಲೆ ತಲೆ ಚಚ್ಚಿಕೊಂಡಳು.

"ಚೌಡಣ್ಣಂಗೆ ಏಳ್ಕಳುಸ್ಬುಡು, ಕೈ ಬಿದ್ದೋಗದೆ ಅಂತ. ಅವ್ರೂ ಮನುಸ್ರಲ್ವಾ?"

"ಎಲೆ ಅಡ್ಕೆ ಈಸ್ಕಂಡಿವ್ನಿ ಕಣಮ್ಮಿ. ಮೂವತ್ ವರ್ಸದಿಂದ ಒಬ್ರಿಗೂ ಇಲ್ಲ ಅಂದೋನಲ್ಲ."

"ಅಂಗಾರೆ ತೊಳಸೋರ್ಯಾರು?"

ಹೊನ್ನಯ್ಯ ಅವಳ ತೋಳಿನ ಕಡೆ ನೋಡಿದ.

ಹಾಗೆ ಆ ಊಟ ನಡೆಯಿತು. ಒಲೆಯ ಸುತ್ತ ಗಾಳಿಗೆ ಅಡ್ಡವೆಂದು ಟಾರ್ಪಾಲು ಕಟ್ಟಿಸಿದರು. ಒಳಗೆ ದೇವಿರಮ್ಮ ಸೆರಗು ಬಿಗಿದು ತೊಳಸಿದಳು. ಹಂಡೆ ಹಿಡಿದ ಇಬ್ಬರು ಅವಳ ತಮ್ಮಂದಿರೇ ಆದ್ದರಿಂದ ಬಾಯಿ ಬಿಡಲಿಲ್ಲ. ಕೆಲಸ ಮುಗಿದ ಮೇಲೆ ಹೊನ್ನಯ್ಯ ಕೋಲನ್ನು ಮೈಗೆ ಒರಗಿಸಿಕೊಂಡು ಟಾರ್ಪಾಲಿನ ಹೊರಗೆ ನಿಂತ. ಉಂಡು ಬಂದವರೆಲ್ಲ ಭೇಷ್ ಎಂದರು. ಅವನ ಹೆಸರು ಉಳಿಯಿತು. ಆ ಹೆಸರಿಗಾಗಿ ಅವನು ಎಂಥ ಪೆದ್ದುತನ ಮಾಡಿದ್ದನೆಂದು ತಿಳಿದದ್ದು ಆಮೇಲೆ.

ಆವತ್ತಿನ ಪಂಕ್ತಿಯಲ್ಲಿ ಮಂಡ್ಯದ ಸರ್ಕಾರಿ ವಕೀಲ ರಘುನಂದನ್ ಕೂಡ ಕೂತಿದ್ದರು. ಚೌಡಯ್ಯನಿಗೆ ದೂರದ ನೆಂಟರು. ಬಿಳಿ ಷರಟು, ಒಳ್ಳೆಯ ಮಾತು, ಎದುರಿಗೆ ಬಂದ ಮುದುಕರಿಗೆಲ್ಲ ಕೈ ಮುಗಿಯುವ ಮನುಷ್ಯ. ಕುರಿ ಕಡಿಯುವ ಜಾಗದ ಹತ್ತಿರ ಹೋಗುವವರಲ್ಲ, ರಕ್ತ ಕಂಡರೆ ತಲೆ ತಿರುಗುತ್ತದೆ ಎಂದು ತಾವೇ ಹೇಳಿಕೊಳ್ಳುತ್ತಿದ್ದರು. ಅವರು ಎರಡು ಮುದ್ದೆ ಉಂಡು ಎದ್ದು ಬಂದು, ಹೊನ್ನಯ್ಯನ ಹೆಗಲ ಮೇಲೆ ಕೈ ಹಾಕಿ, ಮೊಬೈಲಿನಲ್ಲಿ ಒಂದು ಫೋಟೊ ತೆಗೆಸಿಕೊಂಡರು. ಕೈ ಬಿದ್ದದ್ದು ನೋವಿರುವ ಭುಜದ ಮೇಲೇ. ಫೋಟೊದಲ್ಲಿ ಹೊನ್ನಯ್ಯನ ಮುಖ ಕಿವುಚಿಕೊಂಡಿದೆ. ನೋಡಿದವರು ಹೊಗೆಯೆಂದುಕೊಂಡರು.

ಮಳವಳ್ಳಿಯ ವಕೀಲೆ ನಾಗಶ್ರೀ ಇಲ್ಲದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹೊನ್ನಯ್ಯನ ಕೈ ಹಾಗೇ ನೇತಾಡುವುದನ್ನು ಕಂಡು ಅವಳೇ ವಿಚಾರಿಸಿ, ಜಯಪ್ರಕಾಶನ ಮೇಲೆ ದೂರು ಹಾಕಿಸಿದಳು. ಆದರೆ ಪೊಲೀಸರ ಮೇಲೆ ಮೊಕದ್ದಮೆ ನಡೆಸಬೇಕಾದರೆ ಸರ್ಕಾರದ ಅನುಮತಿ ಬೇಕು, ಸರ್ಕಾರಕ್ಕೆ ತನ್ನ ವಕೀಲರ ಅಭಿಪ್ರಾಯ ಬೇಕು. ಅಭಿಪ್ರಾಯ ಬರೆಯುವ ಕೆಲಸ ರಘುನಂದನ್ ಅವರ ಮೇಜಿಗೆ ಬಂತು. ಮಂಡ್ಯದಲ್ಲಿ ಒಬ್ಬ ಅಧಿಕಾರಿಯ ಮುಂದೆ ವಿಚಾರಣೆ ಗೊತ್ತಾಯಿತು.

ವಿಚಾರಣೆಯ ಮೊದಲು ನಾಗಶ್ರೀ ವಿಷಯ ಬಿಡಿಸಿ ಹೇಳಿದಳು. "ಹೊನ್ನಯ್ಯೋರೇ, ಸರ್ಕಾರಿ ವಕೀಲರ ವಾದ ಹಿಂಗಿದೆ. ಮೂಳೆ ಮುರಿದಿಲ್ಲ. ಮೂಳೆ ಮುರೀದಿದ್ರೆ, ಹದಿನೈದು ದಿನ ತನ್ನ ಕಸುಬು ಮಾಡೋಕೆ ಆಗದಷ್ಟು ಪೆಟ್ಟಾಗಿರಬೇಕು, ಆಗಲೇ ಕಾನೂನಿನಲ್ಲಿ ಅದು ಘೋರ ಗಾಯ. ನೀವು ಹದಿನೈದು ದಿನದೊಳಗೇ ಚೌಡಯ್ಯನ ಮನೇಲಿ ಮುದ್ದೆ ಮಾಡಿದ್ದೀರಿ. ಅದಕ್ಕೆ ಆ ವಕೀಲರೇ ಸಾಕ್ಷಿ, ಅವರೇ ಉಂಡಿದ್ದಾರೆ. ಗಾಯ ಸಾದಾ ಅಂತಾದ್ರೆ, ಕೆಲಸದ ಭರದಲ್ಲಿ ಕೈ ಸ್ವಲ್ಪ ಮುಂದಾಯ್ತು, ಅಷ್ಟಕ್ಕೆಲ್ಲ ಅನುಮತಿ ಯಾಕೆ ಅಂತ ಬರೆದು ಮುಗಿಸ್ತಾರೆ."

"ಸಾದಾ ಆದ್ರೆ ನೇತಾಕ್ಬೋದಾ ಅವ್ವ?" ಎಂದು ಕೇಳಿದ ಹೊನ್ನಯ್ಯ.

"ಕೂಡದು. ಬಾಯಿ ಬಿಡಿಸೋಕೆ ಒಂದು ಏಟು ಹಾಕೋದೂ ಅಪರಾಧವೇ. ಅದು ಅವರಿಗೂ ಗೊತ್ತು. ಗೊತ್ತಿದ್ದೂ ಬರೆಯೋದಕ್ಕೇ ಅವರನ್ನ ಇಟ್ಟುಕೊಂಡಿರೋದು."

ಮೊಕದ್ದಮೆ ಉಳಿಸಿಕೊಳ್ಳುವ ದಾರಿ ಒಂದೇ ಇತ್ತು. ಆ ಮುದ್ದೆ ನನ್ನದಲ್ಲ, ನನ್ನ ಹೆಂಡತಿಯದು ಎಂದು ಹೊನ್ನಯ್ಯ ಎಲ್ಲರ ಮುಂದೆ ಹೇಳಬೇಕು. ಹೇಳಿದರೆ ಮೊಕದ್ದಮೆ ಮುಂದೆ ಸಾಗಬಹುದು, ಹೆಸರು ಹೋಗುತ್ತದೆ. ಹೇಳದಿದ್ದರೆ ಹೆಸರು ಉಳಿಯುತ್ತದೆ, ಜಯಪ್ರಕಾಶ್ ಮೀಸೆ ತಿರುವಿಕೊಂಡು ಓಡಾಡುತ್ತಾನೆ. ಮದ್ದೂರಿನಿಂದ ಮಂಡ್ಯಕ್ಕೆ ಹೋಗುವ ಬಸ್ಸಿನಲ್ಲಿ ಗಂಡ ಹೆಂಡತಿ ಇದೇ ಮಾತಿನಲ್ಲಿ ಕಿತ್ತಾಡಿದರು.

"ಒನ್ನಯ್ಯನ ಇಟ್ಟು ಅಂತ ಉಂಡವ್ರೆ ಜನ. ಈಗ ಅಲ್ಲ ಅಂದ್ರೆ ಮುಖ ಎಲ್ಲಿಡ್ಲಿ?"

"ತೋಳೇ ಇಲ್ದೋನು ಮುಖ ಇಟ್ಕಂಡು ಯಾವ ಅಂಡೇಲಿ ತೊಳಸೀಯೆ?" ಎಂದಳು ದೇವಿರಮ್ಮ. "ನಾನೇನು ಕದ್ದು ತೊಳಸಿದ್ನಾ? ನಿನ್ ಎಸರಿಗೋಸ್ಕರ ತೊಳಸ್ದೆ. ಅದನ್ನ ಏಳಾಕೆ ನಿಂಗೆ ನಾಚ್ಕೆಯಾ?"

ಮುಂದಿನ ಸೀಟಿನವರು ಹಿಂತಿರುಗಿ ನೋಡಿದ್ದರಿಂದ ಇಬ್ಬರೂ ಕಿಟಕಿಯ ಕಡೆ ಮುಖ ತಿರುಗಿಸಿದರು. ಹೊನ್ನಯ್ಯನಿಗೆ ಹೆಂಡತಿಯ ಮೇಲೆ ಸಿಟ್ಟು ಬಂದಿತ್ತು, ಏಕೆಂದರೆ ಅವಳ ಮಾತು ಸರಿಯಾಗಿತ್ತು.

ವಿಚಾರಣೆಯ ಕೋಣೆಯಲ್ಲಿ ಅಧಿಕಾರಿ ಫ್ಯಾನಿನ ಕೆಳಗೆ ಕೂತಿದ್ದರು. ರಘುನಂದನ್ ಚೌಡಯ್ಯನನ್ನು ಸಾಕ್ಷಿಗೆ ಕರೆಸಿದ್ದರು. "ಒನ್ನಯ್ಯನ್ದೇ ಮುದ್ದೆ ಸಾ, ನಮ್ ಬೀಗ್ರು ಇನ್ನೂ ನೆನುಸ್ಕತಾರೆ" ಎಂದು ಅವನು ಹೆಮ್ಮೆಯಿಂದ ಹೇಳಿದ. ಫೋಟೊವನ್ನೂ ಮೇಜಿನ ಮೇಲಿಟ್ಟರು. ಆಮೇಲೆ ರಘುನಂದನ್ ಹೊನ್ನಯ್ಯನ ಕಡೆ ತಿರುಗಿ, ನೆಂಟರ ಮನೆಯ ಜಗಲಿಯಲ್ಲಿ ಕೂತಂತೆ ನಗುತ್ತಾ ಮಾತಾಡಿದರು.

"ಗುರುತು ಸಿಕ್ತೇನಯ್ಯ ಹೊನ್ನಯ್ಯ? ಆವತ್ತು ನಾನು ಎರಡು ಮುದ್ದೆ ಉಂಡೆ. ಒಂದು ಗಂಟಿರಲಿಲ್ಲ. ತೋಳು ಹೋದವನ ಕೈಯಲ್ಲಿ ಅಂಥ ಮುದ್ದೆ ಆಗುತ್ತಾ? ನೀನೇ ಹೇಳಪ್ಪ, ಯಾರು ತೊಳಸಿದ್ದು?"

ಅವರು ಧೈರ್ಯವಾಗಿ ಕೇಳಿದ್ದರು. ಇಂಥ ಜನರಿಗೆ ಬಡವನ ನೋವು ತಿಳಿಯದಿದ್ದರೂ ಅವನ ಹಮ್ಮು ಎಲ್ಲಿದೆಯೆಂಬುದು ಚೆನ್ನಾಗಿ ತಿಳಿದಿರುತ್ತದೆ. ಹೊನ್ನಯ್ಯ ಚೌಡಯ್ಯನ ಮುಖ ನೋಡಿದ, ಫೋಟೊ ನೋಡಿದ, ಬಾಗಿಲ ಹತ್ತಿರ ಕೂತಿದ್ದ ದೇವಿರಮ್ಮನನ್ನು ನೋಡಿದ. ಅವಳು ಇವನ ಕಡೆ ನೋಡುತ್ತಿರಲಿಲ್ಲ.

"ನಾನಲ್ಲ ಸ್ವಾಮಿ. ಅವ್ಳು ತೊಳಸಿದ್ದು. ನಾನು ಕೋಲು ಒರಗುಸ್ಕಂಡು ನಿಂತಿದ್ದೆ, ಅಷ್ಟೇಯ."

ಚೌಡಯ್ಯ ಕುರ್ಚಿಯಿಂದ ಎದ್ದೇಬಿಟ್ಟ. "ಏನ್ಲಾ ಒನ್ನಯ್ಯ, ನಮ್ ಬೀಗ್ರಿಗೆ ಎಂಗಸ್ರ ಕೈಲಿ ತೊಳಸಿ ಆಕುಸ್ದಾ?"

"ನಿಮ್ಮನೇಲಿ ದಿನಾ ಯಾರ್ ಕೈದು ಉಂಡೀರಿ ಚೌಡಣ್ಣ?" ಎಂದಳು ದೇವಿರಮ್ಮ ಕೂತಲ್ಲಿಂದಲೇ. ಅಧಿಕಾರಿ ಮೊದಲ ಸಲ ಫ್ಯಾನಿನಿಂದ ಕಣ್ಣು ಕೆಳಗಿಳಿಸಿದರು. ಚೌಡಯ್ಯ ಕೂತ.

ರಘುನಂದನ್ ಮುಖದ ನಗು ಮಾಸಲಿಲ್ಲ. "ಹಾಗಾದರೆ ಆವತ್ತು ನೀನು ಮನೆಯವರಿಗೆ ಮೋಸ ಮಾಡಿದೆ. ಇಲ್ಲವೇ ಇವತ್ತು ಇಲ್ಲಿ ಸುಳ್ಳು ಹೇಳ್ತಿದ್ದೀಯ. ಎರಡರಲ್ಲಿ ಒಂದು ಸುಳ್ಳು ತಾನೆ?"

"ಒಂದು ಸುಳ್ಳು ನಂದೇ ಸ್ವಾಮಿ. ಇಟ್ಟಿನ್ ಸುಳ್ಳು ನಂದು. ತೋಳಿನ್ ಸುಳ್ಳು ನಿಮ್ದು" ಎಂದ ಹೊನ್ನಯ್ಯ.

ಇಷ್ಟು ಹೇಳಿದ ಮೇಲೆ ಅವನಿಗೆ ಗೆದ್ದೆ ಎನಿಸಿತು. ನಾಗಶ್ರೀಗೂ ಹಾಗೇ ಅನಿಸಿತು. ಓದಿದವಳಾಗಿಯೂ ಅವಳು ಸರ್ಕಾರಿ ವಕೀಲರನ್ನು ಕಡಿಮೆ ಅಂದಾಜು ಮಾಡಿದ್ದಳು.

ಕೆಲವು ತಿಂಗಳ ಮೇಲೆ ಅಭಿಪ್ರಾಯ ಹೊರಬಿತ್ತು. ನಾಗಶ್ರೀ ಮಳವಳ್ಳಿಯ ತನ್ನ ಆಫೀಸಿನಲ್ಲಿ ಅದನ್ನು ಓದಿ ಹೇಳಿದಳು. ಸದರಿ ದಿನ ದೂರುದಾರರ ಪತ್ನಿಯೇ ಮುದ್ದೆ ತಯಾರಿಸಿರುವುದಾಗಿ ದೂರುದಾರರು ಒಪ್ಪಿರುತ್ತಾರೆ. ಹೀಗಾಗಿ ಕುಟುಂಬದ ಕಸುಬು ಒಂದು ದಿನವೂ ನಿಂತಿರುವುದಿಲ್ಲ. ಆದ್ದರಿಂದ ಘೋರ ಗಾಯವೆಂದು ಪರಿಗಣಿಸಲು ಆಧಾರವಿಲ್ಲ. ಪೊಲೀಸ್ ಅಧಿಕಾರಿಯ ಕ್ರಮವು ಕರ್ತವ್ಯದ ಉತ್ಸಾಹದಲ್ಲಿ ಆದದ್ದು. ಸರ್ಕಾರ ಅದಕ್ಕೆ ಹೂಂಗುಟ್ಟಿ ಅನುಮತಿ ನಿರಾಕರಿಸಿತ್ತು.

ಗಂಡ ತೊಳಸಿದ್ದರೆ ಗಂಡನ ತೋಳು ಚೆನ್ನಾಗಿದೆ. ಹೆಂಡತಿ ತೊಳಸಿದ್ದರೆ ಮನೆಯ ಕಸುಬು ಚೆನ್ನಾಗಿದೆ. ಇಬ್ಬರೂ ತೊಳಸದೆ ಉಪವಾಸ ಬಿದ್ದಿದ್ದರೆ ಅದಕ್ಕೂ ಒಂದು ವಾಕ್ಯ ಆ ಮೇಜಿನ ಮೇಲೆ ಸಿದ್ಧವಿರುತ್ತಿತ್ತು. ಹಗ್ಗ ಎಳೆದ ಜಯಪ್ರಕಾಶನಿಗಾದರೂ ಅಂದು ಮೈ ಬೆವೆತಿತ್ತು. ಈ ಸರ್ಕಾರಿ ವಕೀಲರು ತಣ್ಣಗೆ ಕೂತು, ಕಾಫಿ ಕುಡಿಯುತ್ತಾ, ಅದೇ ಹಗ್ಗವನ್ನು ಇನ್ನೊಮ್ಮೆ ಎಳೆದಿದ್ದರು. ಹೈಕೋರ್ಟಿಗೆ ಹೋಗುತ್ತೇನೆಂದಳು ನಾಗಶ್ರೀ. ಹೋದಳು ಕೂಡ. ಅದು ಇನ್ನೂ ಅಲ್ಲಿದೆ.

ಹೆಸರಂತೂ ಹೋಯಿತು. ಮೂರು ನಾಲ್ಕು ಮನೆಯವರು ಕೊಟ್ಟ ಎಲೆ ಅಡಿಕೆಯನ್ನು ವಾಪಸು ಕೇಳಿದರು, ಕಂಡುಕೇಳರಿಯದ ಅವಮಾನ. ಹೊನ್ನಯ್ಯ ಮನೆ ಬಿಟ್ಟು ಹೊರಡುವುದನ್ನೇ ನಿಲ್ಲಿಸಿದ್ದ. ಆಗ ಮಳವಳ್ಳಿಯ ದೊಡ್ಡಸಿದ್ದಯ್ಯನ ಮನೆಯವರು ಬಂದರು. ಚೌಡಯ್ಯನ ಮನೆಯಲ್ಲಿ ಉಂಡವರು ಅವರು. "ಯಾರ್ ತೊಳಸಿದ್ರೋ ನಮ್ಗದು ಬ್ಯಾಡ, ಆ ಮುದ್ದೆ ಬೇಕು" ಎಂದು ತಟ್ಟೆಯನ್ನು ದೇವಿರಮ್ಮನ ಮುಂದೆ ಹಿಡಿದರು. ಅವಳು ಗಂಡನ ಮುಖವನ್ನೂ ನೋಡದೆ ಈಸಿಕೊಂಡಳು. ಊಟದ ದಿನ ಟಾರ್ಪಾಲು ಕಟ್ಟಿಸಲಿಲ್ಲ. ಹೊನ್ನಯ್ಯ ಬಡಿಸುವವರ ಜೊತೆ ಪಂಕ್ತಿಯುದ್ದಕ್ಕೂ ನಡೆದು, ಯಾರ ಎಲೆಗೆ ಏನು ಬೇಕೆಂದು ನೋಡಿಕೊಳ್ಳುತ್ತಿದ್ದ.

ಎರಡನೆಯ ಪಂಕ್ತಿಯ ನಟ್ಟನಡುವೆ ರಘುನಂದನ್ ಕೂತಿದ್ದರು. ಈ ಮೂರು ತಾಲ್ಲೂಕಿನಲ್ಲಿ ಅವರನ್ನು ಕರೆಯದ ಊಟವಿಲ್ಲ. ಹೊನ್ನಯ್ಯನನ್ನು ಕಂಡು ಅವರೇ ಮಾತಾಡಿಸಿದರು. "ಇದು ನೋಡಪ್ಪ ಮುದ್ದೆ ಅಂದರೆ! ಕೇಸಿನ ವಿಚಾರ ಮನಸ್ಸಲ್ಲಿ ಇಟ್ಕೋಬೇಡ ಹೊನ್ನಯ್ಯ. ನಿನ್ನ ಕೆಲಸ ನೀನು ಮಾಡ್ತೀಯ, ನನ್ನ ಕೆಲಸ ನಾನು ಮಾಡಿದೆ."

ಹೊನ್ನಯ್ಯ ನಿಂತ. ಬಡಿಸುವವರೂ ನಿಂತರು.

"ನನ್ ಕೆಲ್ಸ ನಾನೆಲ್ಲಿ ಮಾಡ್ತಿವ್ನಿ ಸ್ವಾಮಿ? ತೊಳಸ್ದೋಳು ನನ್ನೆಂಡ್ರು. ಅದನ್ನ ನೀವೇ ಬರ್ದಿದ್ದೀರಿ, ಸರ್ಕಾರಾನೂ ಊಂ ಅಂದದೆ. ಮೂವತ್ ವರ್ಸ ತೊಳಸ್ದೋನು ಅವತ್ತಿಂದ ಯಾಕೆ ಕೋಲು ಮುಟ್ನಿಲ್ಲ, ಅದೊಂದು ಬರಿಯಾದು ಮರ್ತಿದ್ದೀರಿ. ಈಗ ಬಾಯ್ಬುಟ್ಟು ಏಳಿ. ಪಂಕ್ತಿಯೋರೂ ಕೇಳ್ಲಿ."

ರಘುನಂದನ್ ಅತ್ತಿತ್ತ ನೋಡಿದರು. ಎರಡೂ ಬದಿಯವರು ತುತ್ತು ಹಿಡಿದ ಕೈಯನ್ನು ಎಲೆಯ ಮೇಲೇ ಇಟ್ಟುಕೊಂಡು ಅವರ ಬಾಯನ್ನೇ ನೋಡುತ್ತಿದ್ದರು. "ಊಟದ ಹೊತ್ತಲ್ಲಿ ಕೇಸಿನ ಮಾತು ಯಾಕಪ್ಪ?" ಎಂದು ಮೆಲ್ಲಗೆ ಹೇಳಿದರು.

"ನೀವು ಸಾಕ್ಷಿ ಎತ್ಕಂಡೋಗಿದ್ದು ಉಂಡ ಎಲೆ ಮುಂದಿಂದ್ಲೇ ಅಲ್ವಾ ಸ್ವಾಮಿ?" ಎಂದು ಹೊನ್ನಯ್ಯ ಮುಂದಿನ ಎಲೆಗೆ ನಡೆದ.

ನಮ್ಮ ಕಡೆ ಪಂಕ್ತಿಯಲ್ಲಿ ಎಲ್ಲರದೂ ಮುಗಿಯುವ ಮೊದಲು ಒಬ್ಬನೇ ಎದ್ದರೆ ಮನೆಯವರ ಮುಖಕ್ಕೆ ಹೊಡೆದ ಹಾಗೆ. ರಘುನಂದನ್ ಅಷ್ಟು ತಿಳಿಯದವರಲ್ಲ. ಎಲೆಯ ಮೇಲೆ ಅರ್ಧ ಮುರಿದ ಮುದ್ದೆ ಇಟ್ಟುಕೊಂಡು, ತಲೆ ತಗ್ಗಿಸಿ ಕೂತೇ ಇದ್ದರು. ಆ ದಿನ ಪಂಕ್ತಿಯವರು ಬಹಳ ನಿಧಾನವಾಗಿ ಉಂಡರು.